ಬೀಗದೊಳಗಿನ ಆಸ್ಪತ್ರೆ

ಜೈಲಿಗೆ ಹೊಸಬರು ಬರುವುದು ಹೆಚ್ಚಾಗಿ ಸಂಜೆ ಹೊತ್ತು. ಪೊಲೀಸರು ಕೋರ್ಟಿಗೆ ಹಾಜರುಪಡಿಸಿ, ನ್ಯಾಯಾಂಗ ಬಂಧನದ ಆದೇಶವಾಗಿ, ವಾರಂಟಿಗೆ ಸಹಿ ಬಿದ್ದು ವ್ಯಾನು ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಎಣಿಕೆಯ ಗಡಿಬಿಡಿ. ಬ್ಯಾರಕ್ಕುಗಳಿಗೆ ಬೀಗ ಬೀಳುವ ಸಮಯ ಅದು. ಬಂದವನ ಹೆಸರು, ತಂದೆಯ ಹೆಸರು, ಊರು, ಮೈಮೇಲಿನ ಗುರುತಿನ ಮಚ್ಚೆ ಬರೆದುಕೊಳ್ಳುತ್ತಾರೆ. ಜೇಬಿನಲ್ಲಿದ್ದುದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಆಮೇಲೆ ಡಾಕ್ಟರ ಮುಂದೆ ನಿಲ್ಲಿಸುತ್ತಾರೆ, ಆ ಹೊತ್ತಿಗೆ ಡಾಕ್ಟರು ಇದ್ದರೆ.

ಹಳೇ ಮೈಸೂರು ಸೀಮೆಯ ಒಂದು ಜಿಲ್ಲಾ ಕಾರಾಗೃಹದಲ್ಲಿ ವೈದ್ಯಾಧಿಕಾರಿಯಾಗಿದ್ದ ಡಾಕ್ಟರಮ್ಮ ಆ ಹೊತ್ತಿಗೆ ಇರುತ್ತಿದ್ದರು. ನಿವೃತ್ತರಾಗಿ ಕೆಲವು ವರ್ಷ ಕಳೆದ ಮೇಲೂ ಅವರ ಜೈಲಿನ ನೆನಪು ಶುರುವಾಗುವುದು ಈ ಸಂಜೆಯ ತಪಾಸಣೆಯಿಂದಲೇ. ಅಂಗಿ ಬಿಚ್ಚಿಸಿ ನೋಡದೆ ಫಾರಂಗೆ ಸಹಿ ಹಾಕಬಾರದು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ಕಟ್ಟಳೆ. ಬೆನ್ನಿನ ಮೇಲೆ ಬಾಸುಂಡೆ ಇದ್ದರೆ ಅದರ ಉದ್ದ, ಬಣ್ಣ, ಎಷ್ಟು ಹಳೆಯದು ಎಂಬುದೆಲ್ಲ ಬರವಣಿಗೆಯಲ್ಲಿ ಬರಬೇಕು. ಠಾಣೆಯಲ್ಲಿ ಬಿದ್ದ ಏಟು ಯಾವುದು, ಜೈಲಿನಲ್ಲಿ ಬಿದ್ದದ್ದು ಯಾವುದು ಎಂಬ ಪ್ರಶ್ನೆ ಮುಂದೆ ಕೋರ್ಟಿನಲ್ಲಿ ಎದ್ದಾಗ ಕೈದಿಗೂ ಜೈಲಿನವರಿಗೂ ಆಧಾರವಾಗುವುದು ಆ ನಾಲ್ಕು ಸಾಲು ಮಾತ್ರ. ಇದರ ಜೊತೆಗೆ ಇನ್ನೂ ಕೆಲವು ಪ್ರಶ್ನೆ: ಮೂರ್ಛೆ ರೋಗ ಇದೆಯಾ, ಸಕ್ಕರೆ ಕಾಯಿಲೆಗೆ ಸೂಜಿ ತಗೋತಿದ್ದೀಯಾ, ಕೆಮ್ಮು ಎರಡು ವಾರ ದಾಟಿದೆಯಾ, ಕೊನೆಯ ಸಲ ಕುಡಿದದ್ದು ಯಾವಾಗ?

ಕೊನೆಯ ಪ್ರಶ್ನೆ ಕೇಳಿದಾಗ ಪಕ್ಕದಲ್ಲಿ ನಿಂತ ವಾರ್ಡರುಗಳು ನಗುತ್ತಿದ್ದ ಕಾಲವೂ ಇತ್ತು.

ಆ ಹುದ್ದೆಗೆ ಆರೋಗ್ಯ ಇಲಾಖೆಯಿಂದ ನಿಯೋಜನೆ. ಬಯಸಿ ಬರುವವರು ಕಡಿಮೆ. ಖಾಸಗಿ ಪ್ರಾಕ್ಟೀಸಿಗೆ ಬಿಡುವಿಲ್ಲ, ಹೆಸರು ಬರುವುದಿಲ್ಲ, ಸಾವು ಸಂಭವಿಸಿದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಎದುರಿಸಬೇಕು. ಜೈಲಿನೊಳಗಿನ ಪ್ರತಿ ಸಾವಿನ ವರದಿಯೂ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬೇಕು ಎಂಬ ನಿಯಮ 1993ರ ಡಿಸೆಂಬರಿನಿಂದಲೂ ಇದೆ. ಪ್ರತಿ 300 ಕೈದಿಗಳಿಗೆ ಒಬ್ಬ ವೈದ್ಯರಿರಬೇಕು ಎಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ಡಾಕ್ಟರಮ್ಮ ಮೊದಲ ಸಲ ಆ ಜೈಲಿಗೆ ಹೋದದ್ದು ಅದಕ್ಕೂ ಎಷ್ಟೋ ವರ್ಷ ಮುಂಚೆ. ಆಗ ಆಸ್ಪತ್ರೆ ಎಂದರೆ ಎರಡು ಕೋಣೆ, ತುಕ್ಕು ಹಿಡಿದ ಮಂಚಗಳು, ಒಬ್ಬ ಫಾರ್ಮಾಸಿಸ್ಟ್, ಒಂದು ಬಿ.ಪಿ. ಯಂತ್ರ. ರಾತ್ರಿ ಹೊತ್ತು ಕಾಯುವವನು ಸಜಾ ಬಂದಿ.

ಈ ನೆನಪುಗಳನ್ನೆಲ್ಲ ಹೆಣೆದಿರುವ ಮಾತು ಒಂದೇ: 'ನಾಟಕ'. ಹೊಟ್ಟೆನೋವು ಎಂದವನು ನಾಟಕ ಆಡುತ್ತಾನೆ. ಎದೆ ಹಿಡಿದುಕೊಂಡವನು ಕೆಲಸ ತಪ್ಪಿಸಿಕೊಳ್ಳಲು ನೋಡುತ್ತಿದ್ದಾನೆ. ರಾತ್ರಿಯೆಲ್ಲ ಗೋಡೆಯ ಜೊತೆ ಮಾತಾಡುವವನು ಜಾಮೀನಿಗೆ ದಾರಿ ಮಾಡಿಕೊಳ್ಳುತ್ತಿದ್ದಾನೆ. ಕೆಲವರು ಹಾಗೆ ಮಾಡುವುದೂ ಉಂಟು, ಇಲ್ಲವೆನ್ನಲಾಗದು. ಜೈಲು ಆಸ್ಪತ್ರೆಯ ಮಂಚ, ಹಾಲು, ಮೊಟ್ಟೆಗೆ ಹೊರಗಿನವರು ಊಹಿಸಲಾರದಷ್ಟು ಬೆಲೆ ಇದೆ. ಆದರೆ ಅನುಮಾನವೇ ಅಭ್ಯಾಸವಾದ ಕಡೆ ನಿಜವಾದ ರೋಗಿ ಸಾಯುತ್ತಾನೆ, ಮತ್ತು ಸಾಯುವವರೆಗೂ ಯಾರಿಗೂ ಗೊತ್ತಾಗುವುದಿಲ್ಲ.

ಈ ಅನುಮಾನಕ್ಕೆ ಕಾನೂನಿನಲ್ಲೇ ಬೇರು ಇದೆ. ಬ್ರಿಟಿಷರ ಕಾಲದ 1894ರ ಕಾರಾಗೃಹ ಕಾಯಿದೆ ಭಾರತದ ಜೈಲುಗಳ ನಡೆಗೆ ಅಡಿಪಾಯ. ಅದರ 37ನೇ ಸೆಕ್ಷನ್ ಪ್ರಕಾರ, ವೈದ್ಯರನ್ನು ನೋಡಬೇಕೆಂದು ಕೇಳಿದ ಅಥವಾ ದೇಹದಲ್ಲಾಗಲಿ ಮನಸ್ಸಿನಲ್ಲಾಗಲಿ ಆರೋಗ್ಯ ತಪ್ಪಿದಂತೆ ಕಾಣುವ ಕೈದಿಯ ವಿಷಯವನ್ನು ತಡಮಾಡದೆ ಜೈಲರ್‌ಗೆ ತಿಳಿಸಬೇಕು. ಮನಸ್ಸಿನ ಪ್ರಸ್ತಾಪ ಆಗಲೇ, ಅಷ್ಟು ಸ್ಪಷ್ಟವಾಗಿ ಇತ್ತು ಎಂಬುದನ್ನು ಗಮನಿಸಬೇಕು. 39ನೇ ಸೆಕ್ಷನ್ ಪ್ರತಿ ಜೈಲಿನಲ್ಲೂ ಆಸ್ಪತ್ರೆ ಇಲ್ಲವೇ ರೋಗಿಗಳಿಗೆ ತಕ್ಕ ಜಾಗ ಇರಬೇಕೆನ್ನುತ್ತದೆ. ಕೆಲವು ಪುಟ ಮುಂದೆ, 45ನೇ ಸೆಕ್ಷನ್ನಿನ ಅಪರಾಧಗಳ ಪಟ್ಟಿಯಲ್ಲಿ, ಕಾಯಿಲೆಯ ಸೋಗು ಹಾಕುವುದೂ ಸೇರಿದೆ. ಕರ್ನಾಟಕಕ್ಕೆ 1963ರಲ್ಲಿ ತನ್ನದೇ ಕಾಯಿದೆ ಬಂತು. ಆದರೂ ವಾರ್ಡರುಗಳ ಬಾಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿದುಬಂದದ್ದು 45ನೇ ಸೆಕ್ಷನ್ನೇ ಹೊರತು 37 ಅಲ್ಲ.

ಕುಡಿತದ ಪ್ರಶ್ನೆಗೆ ಯಾರೂ ನಗದಂತೆ ಮಾಡಿದ್ದು ಒಂದು ರಾತ್ರಿ. ಕಬ್ಬು ಕಡಿಯುವ ಕೂಲಿಯವನೊಬ್ಬ ಅಣ್ಣತಮ್ಮಂದಿರ ಜಗಳದಲ್ಲಿ ಮಚ್ಚು ಎತ್ತಿದ ಕೇಸಿನಲ್ಲಿ ಬಂದಿದ್ದ. ಡಾಕ್ಟರಮ್ಮ ರಜೆಯಲ್ಲಿದ್ದ ದಿನ ಬಂದಿದ್ದರಿಂದ ಅವನ ತಪಾಸಣೆ ಬರೀ ಫಾರಂ ತುಂಬುವುದರಲ್ಲಿ ಮುಗಿದಿತ್ತು. ಮೊದಲ ದಿನ ಸುಮ್ಮನಿದ್ದ. ಎರಡನೇ ದಿನ ಅನ್ನದ ತಟ್ಟೆ ಹಿಡಿದರೆ ಕೈ ನಡುಗಿ ಸಾರು ಚೆಲ್ಲಿತು. ಮೂರನೇ ರಾತ್ರಿ ಎದ್ದು ಕೂತು ಕಂಬಳಿಯಿಂದ ಏನನ್ನೋ ಕೊಡವತೊಡಗಿದ. ಮೈಮೇಲೆ ಇರುವೆ ಹರಿದಾಡುತ್ತಿವೆ, ಕಿಟಕಿಯಲ್ಲಿ ಅಣ್ಣ ನಿಂತಿದ್ದಾನೆ ಎಂದು ಕೂಗಾಟ. ಬ್ಯಾರಕ್ಕಿನವರು ದೆವ್ವ ಮೆಟ್ಟಿಕೊಂಡಿದೆ ಅಂದರು. ಡ್ಯೂಟಿಯಲ್ಲಿದ್ದ ವಾರ್ಡರ್ ಅದೇ ಹಳೇ ಮಾತು ಅಂದ.

ಒಬ್ಬ ಮುದುಕ ಸಜಾ ಬಂದಿ ಮಾತ್ರ ಬೇರೆ ಮಾತು ಹೇಳಿದ. ತನ್ನ ಅಪ್ಪ ಹೀಗೇ ನಡುಗಿ ಸತ್ತದ್ದನ್ನು ಕಂಡವನು. 'ಇದು ನಾಟ್ಕ ಅಲ್ಲ ಸ್ವಾಮಿ, ಎಣ್ಣೆ ನಿಂತದ್ದಕ್ಕೆ ಇಂಗಾಯ್ತದೆ. ಡಾಕ್ಟ್ರಮ್ಮನ್ನ ಕರೆಸಿ' ಎಂದು ಕಂಬಿ ಹಿಡಿದು ನಿಂತುಬಿಟ್ಟ. ಫೋನು ಹೋಯಿತು. ಡಾಕ್ಟರಮ್ಮ ಬಂದು ನೋಡಿದಾಗ ನಾಡಿ ಓಡುತ್ತಿತ್ತು, ಮೈ ಕಾದಿತ್ತು, ಅಂಗಿ ಬೆವರಿನಲ್ಲಿ ತೊಯ್ದು ಹೋಗಿತ್ತು. ವರ್ಷಗಟ್ಟಲೆ ದಿನವೂ ಕುಡಿದವನಿಗೆ ಕುಡಿತ ಥಟ್ಟನೆ ನಿಂತಾಗ ಎರಡರಿಂದ ನಾಲ್ಕು ದಿನದೊಳಗೆ ಬರುವ ಸನ್ನಿ ಅದು, ಡೆಲಿರಿಯಂ ಟ್ರೆಮೆನ್ಸ್. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಿಕ್ಕರೆ ಬಹುತೇಕರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ. 'ಗ್ಲೂಕೋಸ್ ಬಾಟ್ಲಿ ಹಾಕಿ ಮೇಡಂ' ಎಂದು ಎಲ್ಲರೂ ಅವಸರ ಮಾಡಿದರು. ಡಾಕ್ಟರಮ್ಮ ಮೊದಲು ಕೊಟ್ಟದ್ದು ಥಯಾಮಿನ್ ಸೂಜಿ. ಆ ಜೀವಸತ್ವ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೇ ಪೆಟ್ಟು. ಆಮೇಲೆ ಲೊರಾಜೆಪಾಮ್. ನಂತರ ಜಿಲ್ಲಾಸ್ಪತ್ರೆ.

ಆ ಕೂಲಿಯವನು ಬದುಕಿದ. ವಾರ ಕಳೆದು ಮರಳಿ ಬಂದಾಗ ತಾನು ಏನು ಕೂಗಾಡಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ. ವಾರ್ಡರುಗಳಿಗೆ ಚೆನ್ನಾಗಿ ನೆನಪಿತ್ತು. ಅಂದಿನಿಂದ ಹೊಸದಾಗಿ ಬಂದವರ ಕೈ ಚಾಚಿಸಿ ಬೆರಳು ನಡುಗುತ್ತವೆಯೇ ಎಂದು ನೋಡುವುದನ್ನು ಅವರೇ ಕಲಿತರು. ಮುದುಕನನ್ನು ಡಾಕ್ಟರಮ್ಮ ಆಸ್ಪತ್ರೆಯ ಕೆಲಸಕ್ಕೆ ಕೇಳಿ ಹಾಕಿಸಿಕೊಂಡರು.

ಅದು ಒಂದು ಜೈಲಿನ, ಒಂದು ರಾತ್ರಿಯ ಮಾತು. ನಾಡಿನ ಅತಿ ದೊಡ್ಡ ಜೈಲಿನಲ್ಲಿ ಇದರ ಪ್ರಮಾಣ ಎಷ್ಟಿದೆ ಎಂಬುದು ಗೊತ್ತಾದದ್ದು 2011ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಾದ ಸುರೇಶ್ ಬಡಾ ಮಠ, ಪ್ರತಿಮಾ ಮೂರ್ತಿ ಮತ್ತು ಅವರ ಸಂಗಡಿಗರು ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಲ್ಲಿ ನಡೆಸಿದ ಅಧ್ಯಯನ ಆ ವರ್ಷ ಪ್ರಕಟವಾಯಿತು. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಅದರ ಜೊತೆಗಿತ್ತು. ಮಾತಾಡಿಸಿದ್ದು 5,024 ಕೈದಿಗಳನ್ನು. ಅವರಲ್ಲಿ 4,002 ಮಂದಿಗೆ, ಅಂದರೆ ಶೇ. 79.6ರಷ್ಟು ಜನಕ್ಕೆ, ಒಂದೋ ಮಾನಸಿಕ ಕಾಯಿಲೆ ಇಲ್ಲವೇ ವ್ಯಸನದ ತೊಂದರೆ ಇತ್ತು. ವ್ಯಸನವನ್ನು ಬಿಟ್ಟು ಲೆಕ್ಕ ಹಾಕಿದರೂ 1,389 ಮಂದಿ, ಶೇ. 27.6. ಬ್ಯಾರಕ್ಕಿನಲ್ಲಿ ಸಾಲಾಗಿ ಮಲಗಿದವರಲ್ಲಿ ನಾಲ್ಕರಲ್ಲಿ ಒಬ್ಬನಿಗಿಂತ ಹೆಚ್ಚು.

ತಾವು ಮೇಲಿನವರಿಗೆ ಬರೆದ ಪತ್ರಗಳಿಗೆ ಬರುತ್ತಿದ್ದ ಉತ್ತರದ ಧಾಟಿ ಈ ವರದಿ ಬಂದ ಮೇಲೆ ಬದಲಾಯಿತು ಎನ್ನುತ್ತಾರೆ ಡಾಕ್ಟರಮ್ಮ. ಅದುವರೆಗೆ ಮನೋರೋಗದ ಮಾತ್ರೆಗೆ ಇಂಡೆಂಟ್ ಹಾಕಿದರೆ 'ಜೈಲಿಗೇಕೆ ಇಷ್ಟು?' ಎಂಬ ಷರಾ ಬರೆದು ವಾಪಸು ಬರುತ್ತಿತ್ತು. ನಿಮ್ಹಾನ್ಸಿನ ಅಂಕಿಯನ್ನು ಪತ್ರದ ಮೊದಲ ಸಾಲಿನಲ್ಲೇ ಬರೆದ ಮೇಲೆ ಪ್ರಶ್ನೆ ಕಡಿಮೆಯಾಯಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರು ನಿಗದಿತ ದಿನಗಳಲ್ಲಿ ಜೈಲಿಗೂ ಬರತೊಡಗಿದರು. ಈ ಕಾರ್ಯಕ್ರಮವೇ ಕರ್ನಾಟಕದಲ್ಲಿ ಹುಟ್ಟಿದ್ದು: 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಪ್ರಯೋಗವನ್ನೇ ಮುಂದೆ ದೇಶ ಅನುಸರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೆ ಮನೋರೋಗ ಗುರುತಿಸಲು ಕಲಿಸಬಹುದಾದರೆ ಜೈಲಿನ ವೈದ್ಯರಿಗೂ ಕಲಿಸಬಹುದು. ಕಲಿಸಲು ಇಷ್ಟು ಕಾಲ ಬೇಕಾಯಿತು ಎಂಬುದೇ ನೋವಿನ ಸಂಗತಿ.

ಬೆಂಗಳೂರಿನ ಜೈಲು ಎಂದ ಕೂಡಲೇ ಡಾಕ್ಟರಮ್ಮನ ತಲೆಮಾರಿನವರಿಗೆ ನೆನಪಾಗುವುದು ಪರಪ್ಪನ ಅಗ್ರಹಾರವಲ್ಲ, ಶೇಷಾದ್ರಿ ರಸ್ತೆಯ ಹಳೇ ಜೈಲು. ಈಗ ಅದು ಫ್ರೀಡಂ ಪಾರ್ಕ್. 'ಸಂಸ್ಕಾರ' ಚಿತ್ರದ ಚಂದ್ರಿಯನ್ನು ಕಂಡವರು ಸ್ನೇಹಲತಾ ರೆಡ್ಡಿಯವರ ಕಣ್ಣುಗಳನ್ನು ಮರೆತಿರಲಾರರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮೇ 2ರಂದು, ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ ಅವರನ್ನು ಬಂಧಿಸಿದರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಅವರಿಗೆ ಹಳೆಯ ಉಬ್ಬಸ. ಉಬ್ಬಸದವರಿಗೆ ಬೇಕಾದದ್ದು ಗಾಳಿ, ಒಣ ಜಾಗ, ಹೊತ್ತಿಗೆ ಸರಿಯಾಗಿ ಔಷಧ, ಉಸಿರು ಕಟ್ಟಿದ ಗಳಿಗೆಯಲ್ಲಿ ಕೂಡಲೇ ಓಡಿ ಬರುವ ಒಬ್ಬರು. ಇವು ಸಿಗಬೇಕಾದ ಹಾಗೆ ಸಿಗಲಿಲ್ಲ. ಎರಡು ಸಲ ಪ್ರಜ್ಞೆ ತಪ್ಪಿತು. ಅದೇ ಜೈಲಿನಲ್ಲಿದ್ದ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ತಮ್ಮ ಕೋಣೆಗೆ ಕೇಳಿಸುತ್ತಿದ್ದುದನ್ನು ಮುಂದೆ ಬರೆದರು. 1977ರ ಜನವರಿ 15ರಂದು ಪೆರೋಲ್ ಕೊಟ್ಟು ಮನೆಗೆ ಕಳಿಸಿದರು. ಜನವರಿ 20ರಂದು ಅವರು ತೀರಿಕೊಂಡರು.

ಐದೇ ದಿನ. ಜೈಲಿನ ದಾಖಲೆಯಲ್ಲಿ ಅದು ಜೈಲಿನೊಳಗಿನ ಸಾವಲ್ಲ. ವೈದ್ಯರ ಲೆಕ್ಕದಲ್ಲಿ ಬೇರೆ. ಉಬ್ಬಸದ ಕೈದಿ ಬಂದಾಗಲೆಲ್ಲ ಇನ್‌ಹೇಲರನ್ನು ಗೇಟಿನಲ್ಲಿ ಕಸಿದುಕೊಳ್ಳಬಾರದು, ಅದು ಅವರ ಕೈಯಲ್ಲೇ ಇರಬೇಕು ಎಂದು ಡಾಕ್ಟರಮ್ಮ ಹಟ ಹಿಡಿಯುತ್ತಿದ್ದುದರ ಹಿಂದೆ ಸ್ನೇಹಲತಾ ಅವರ ಜೈಲಿನ ದಿನಚರಿ ಓದಿದ ನೆನಪಿತ್ತು.

ಆ ಹಳೇ ಜೈಲಿನಿಂದಲೇ ಇನ್ನೊಂದು ಕೂಗು ದೆಹಲಿಯವರೆಗೂ ಹೋಯಿತು. ರಾಮಮೂರ್ತಿ ಎಂಬ ಕೈದಿ 1984ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗೆ ಒಂದು ಕಾಗದ ಬರೆದರು: ತಿನ್ನಲಾಗದ ಊಟ, ಹಿಂಸೆ, ಹೀಗೆ. ಸುಪ್ರೀಂ ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿಯೆಂದು ತೆಗೆದುಕೊಂಡಿತು. 1996ರ ಡಿಸೆಂಬರಿನಲ್ಲಿ ನ್ಯಾಯಮೂರ್ತಿ ಹನ್ಸಾರಿಯಾ ಬರೆದ ತೀರ್ಪು ಭಾರತದ ಜೈಲುಗಳನ್ನು ಕಾಡುವ ಒಂಬತ್ತು ಸಮಸ್ಯೆಗಳನ್ನು ಎಣಿಸಿತು. ಕಿಕ್ಕಿರಿದ ಬ್ಯಾರಕ್ಕು, ವಿಚಾರಣೆಯ ವಿಳಂಬ, ಹಿಂಸೆಯ ಜೊತೆಯಲ್ಲೇ ಆರೋಗ್ಯ ಮತ್ತು ಶುಚಿತ್ವದ ಕಡೆಗಣನೆಯೂ ಆ ಪಟ್ಟಿಯಲ್ಲಿದೆ. 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಆ ಪ್ರಕರಣವನ್ನು ಇಂದಿಗೂ ದೇಶದ ಕೋರ್ಟುಗಳು ಉಲ್ಲೇಖಿಸುತ್ತವೆ. ಒಬ್ಬ ಕೈದಿಯ ಮಾತನ್ನು ಒಬ್ಬ ನ್ಯಾಯಾಧೀಶ ನಂಬಿದ್ದಕ್ಕೆ ಇಷ್ಟೆಲ್ಲ ಆಯಿತು.

ಕಿಕ್ಕಿರಿದ ಬ್ಯಾರಕ್ಕು ಎಂಬ ಮಾತಿನ ಅರ್ಥ ಡಾಕ್ಟರಮ್ಮನಿಗೆ ಕಜ್ಜಿಯಲ್ಲಿ ಗೊತ್ತಾಗುತ್ತಿತ್ತು. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು, ಜಾಗವಿದ್ದುದು ಅದಕ್ಕಿಂತ ಬಹಳ ಕಡಿಮೆ; ತುಂಬಿಕೆಯ ಪ್ರಮಾಣ ಶೇ. 131.4. ಇದು ಅಂಕಿಯ ಮಾತು. ಬ್ಯಾರಕ್ಕಿನಲ್ಲಿ ಅದು ಹೀಗೆ ಕಾಣುತ್ತದೆ: ಬೆರಳ ಸಂದಿಯಲ್ಲಿ ಸಣ್ಣ ಗುಳ್ಳೆ, ರಾತ್ರಿಯಾದರೆ ತಡೆಯಲಾರದ ತುರಿಕೆ, ಹೊಕ್ಕುಳ ಸುತ್ತ ಕೆರೆದು ಕೀವು. ಪಕ್ಕದವನ ಭುಜ ತಾಗಿಸಿಕೊಂಡೇ ಮಲಗುವ ಕಡೆ ಒಬ್ಬನಿಗೆ ಮುಲಾಮು ಕೊಟ್ಟು ಫಲವಿಲ್ಲ. ಇಡೀ ಬ್ಯಾರಕ್ಕಿಗೆ ಒಂದೇ ಸಂಜೆ, ಕುತ್ತಿಗೆಯಿಂದ ಅಂಗಾಲಿನವರೆಗೆ ಪರ್ಮೆಥ್ರಿನ್ ಹಚ್ಚಿಸಬೇಕು. ಮರುದಿನ ಎಲ್ಲರಿಗೂ ಸ್ನಾನ, ಕಂಬಳಿ ಬಟ್ಟೆಯೆಲ್ಲ ಬಿಸಿನೀರಿಗೆ, ಆಮೇಲೆ ಬಿಸಿಲಿಗೆ. ವಾರ ಬಿಟ್ಟು ಮತ್ತೊಂದು ಸಲ. ನೀರು, ಸೌದೆ, ಕಂಬಳಿ ಒಣಗಿಸಲು ಹಗ್ಗ, ಅಷ್ಟು ಹೊತ್ತು ಅಂಗಳದಲ್ಲಿ ಕಾಯಲು ವಾರ್ಡರುಗಳು ಎಲ್ಲವನ್ನೂ ಹೊಂದಿಸಿದ ಸೂಪರಿಂಟೆಂಡೆಂಟರೊಬ್ಬರನ್ನು ಅವರು ಈಗಲೂ ಕೃತಜ್ಞತೆಯಿಂದ ನೆನೆಯುತ್ತಾರೆ. ಕಜ್ಜಿ ಹೋದ ಮೇಲೆ ಜನ ನಿದ್ದೆ ಮಾಡಿದರು, ನಿದ್ದೆ ಬಂದ ಮೇಲೆ ಜಗಳ ಕಡಿಮೆಯಾಯಿತು, ನಿದ್ದೆ ಮಾತ್ರೆ ಕೇಳುವವರ ಸಾಲೂ ಗಿಡ್ಡವಾಯಿತು.

ಕೈಗೆ ಮೀರಿದ್ದು ಎಸ್ಕಾರ್ಟ್. ಕೈದಿಯನ್ನು ಹೊರಗಿನ ಆಸ್ಪತ್ರೆಗೆ ಕರೆದೊಯ್ಯಲು ಪೊಲೀಸ್ ಕಾವಲು ಬೇಕು. ವೈದ್ಯರು ಚೀಟಿ ಬರೆಯುತ್ತಾರೆ, ಜೈಲಿನವರು ಪತ್ರ ಕಳಿಸುತ್ತಾರೆ, ಸಶಸ್ತ್ರ ಮೀಸಲು ಪಡೆಯಿಂದ ಸಿಬ್ಬಂದಿ ಬರಬೇಕು. ಚುನಾವಣೆ, ದಸರಾ, ಗಣೇಶನ ಮೆರವಣಿಗೆ, ಮಂತ್ರಿಗಳ ಭೇಟಿ, ಯಾವುದಿದ್ದರೂ ಅವರೆಲ್ಲ ಬಂದೋಬಸ್ತಿಗೆ. ಸ್ಕ್ಯಾನಿಂಗಿಗೆ ಸಿಕ್ಕ ತಾರೀಖು ತಪ್ಪಿದರೆ ಮುಂದಿನದು ಯಾವಾಗಲೋ. ಕಾವಲು ಬಂದರೂ ಆಸ್ಪತ್ರೆಯ ಸಾಲಿನಲ್ಲಿ ಕೈಕೋಳ ಕಂಡ ಜನ ದೂರ ಸರಿಯುತ್ತಾರೆ. ಕೆಲವು ಕೈದಿಗಳು ಆ ನೋಟಕ್ಕೆ ಹೆದರಿ, 'ಬ್ಯಾಡ ಕಣವ್ವಾ, ಇಲ್ಲೇ ಏನಾರ ಕೊಡು' ಎನ್ನುತ್ತಿದ್ದರಂತೆ. ವಿಡಿಯೊ ಮೂಲಕ ತಜ್ಞರನ್ನು ಕಾಣುವ ಏರ್ಪಾಡು ಬಂದ ಮೇಲೆ ಮನೋರೋಗ, ಚರ್ಮರೋಗಗಳ ಮಟ್ಟಿಗೆ ಈ ಕಷ್ಟ ಕಡಿಮೆಯಾಗಬಲ್ಲದು. ಎದೆನೋವಿಗೆ ವಿಡಿಯೊ ಸಾಲದು.

ಮಾತ್ರೆಯದು ಇನ್ನೊಂದು ಕಥೆ. ನಿದ್ದೆಯ ಮಾತ್ರೆ ಜೈಲಿನಲ್ಲಿ ನಾಣ್ಯ. ನುಂಗಿದಂತೆ ಮಾಡಿ ನಾಲಿಗೆಯ ಕೆಳಗೆ ಅಡಗಿಸಿಕೊಂಡು, ಹೊರಗೆ ಹೋಗಿ ಬೀಡಿಗೆ ಮಾರುತ್ತಾರೆ. ಆದ್ದರಿಂದ ಎದುರಿನಲ್ಲೇ ನುಂಗಿಸಿ, ನೀರು ಕುಡಿಸಿ, ಬಾಯಿ ತೆರೆಸಿ ನೋಡಬೇಕು. ಅದು ಮರ್ಯಾದೆಗೆ ಕುಂದು ತರುವ ಕೆಲಸ ಎಂಬುದನ್ನು ತಿಳಿದೇ ಮಾಡಬೇಕು. ಡಾಕ್ಟರಮ್ಮ ಬಾಯಿ ನೋಡುವ ನೆಪದಲ್ಲಿ ಹಲ್ಲು, ಒಸಡು, ಕೆನ್ನೆಯ ಒಳಗಿನ ಬಿಳಿ ಮಚ್ಚೆ ಎಲ್ಲ ಪರೀಕ್ಷಿಸುತ್ತಿದ್ದರು. ಗುಟ್ಕಾ ಜಗಿಯುವವರ ಬಾಯಲ್ಲಿ ಕ್ಯಾನ್ಸರಿಗೆ ತಿರುಗಬಹುದಾದ ಮಚ್ಚೆಗಳು ಸಿಕ್ಕಿದ್ದು ಹಾಗೆಯೇ.

ಹೆಂಗಸರ ವಿಭಾಗದಲ್ಲಿ ಜನ ಕಡಿಮೆ, ದುಃಖ ಹೆಚ್ಚು. ಗಂಡಸರಿಗೆ ವಾರವಾರ ಸಂದರ್ಶನಕ್ಕೆ ಹೆಂಡತಿಯೋ ತಾಯಿಯೋ ಬರುತ್ತಾರೆ; ಹೆಂಗಸರನ್ನು ನೋಡಲು ಬರುವವರು ಬೆರಳೆಣಿಕೆ. ಆರು ವರ್ಷದವರೆಗೆ ಮಕ್ಕಳು ತಾಯಿಯ ಜೊತೆ ಒಳಗೆ ಇರಬಹುದು, ಅವರಿಗೆ ಲಸಿಕೆ, ಆಹಾರ, ಆಟ ಪಾಠ ಸಿಗಬೇಕೆಂದು 2006ರಲ್ಲಿ ಸುಪ್ರೀಂ ಕೋರ್ಟು ಉಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿ ಬಿಟ್ಟುಬಂದ ಮಕ್ಕಳ ಚಿಂತೆಗೆ ಮಾತ್ರ ಯಾವ ಕೋರ್ಟಿನಲ್ಲೂ ಆದೇಶವಿಲ್ಲ. ತಲೆನೋವು, ಬೆನ್ನುನೋವು, ಎದೆ ಉರಿ ಎಂದು ಬರುತ್ತಿದ್ದವರಿಗೆ ಡಾಕ್ಟರಮ್ಮ ಊರಿನ ಆಶಾ ಕಾರ್ಯಕರ್ತೆಯ ಮೂಲಕ ಮಕ್ಕಳು ಶಾಲೆಗೆ ಹೋಗುತ್ತಿದ್ದಾರಾ, ಯಾರ ಮನೆಯಲ್ಲಿದ್ದಾರೆ ಎಂದು ವಿಚಾರಿಸಿ ತಿಳಿಸುತ್ತಿದ್ದರು. ನೋವಿನ ಮಾತ್ರೆಯ ಖರ್ಚು ಅರ್ಧಕ್ಕರ್ಧ ಇಳಿಯಿತು ಎನ್ನುವಾಗ ಅವರ ದನಿಯಲ್ಲಿ ಇಂದಿಗೂ ಸಂತೋಷವಿದೆ.

ಜೈಲಿನ ಅಸಹಜ ಸಾವುಗಳಲ್ಲಿ ಆತ್ಮಹತ್ಯೆಯದೇ ಮೇಲುಗೈ. 2022ರಲ್ಲಿ ದೇಶದ ಜೈಲುಗಳಲ್ಲಿ ಸಂಭವಿಸಿದ 159 ಅಸಹಜ ಸಾವುಗಳಲ್ಲಿ 119 ಆತ್ಮಹತ್ಯೆಗಳು. ಅಪಾಯದ ದಿನಗಳು ಯಾವುವು ಎಂಬುದು ಅನುಭವಿಗಳಿಗೆ ಗೊತ್ತು: ಒಳಗೆ ಬಂದ ಮೊದಲ ವಾರ, ಶಿಕ್ಷೆ ಪ್ರಕಟವಾದ ದಿನ, ಜಾಮೀನು ತಿರಸ್ಕಾರವಾದ ದಿನ, ಮನೆಯಿಂದ ಕೆಟ್ಟ ಸುದ್ದಿ ಬಂದ ದಿನ. ಇವು ಮೊದಲು ತಿಳಿಯುವುದು ಡಾಕ್ಟರಿಗಲ್ಲ. ಕೋರ್ಟಿನಿಂದ ವಾಪಸು ಕರೆತಂದ ಪೇದೆಗೆ ತಿಳಿಯುತ್ತದೆ, ಸಂದರ್ಶನದ ಕಿಟಕಿಯ ಬಳಿ ನಿಂತ ವಾರ್ಡರ್‌ಗೆ ತಿಳಿಯುತ್ತದೆ, ಪಕ್ಕದ ಚಾಪೆಯವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಹಾಗಾಗಿ ಅವರೆಲ್ಲರಿಗೂ ಡಾಕ್ಟರಮ್ಮ ಒಂದೇ ಕೋರಿಕೆ ಇಟ್ಟಿದ್ದರು: ಊಟ ಬಿಟ್ಟವನ, ಮಾತು ಬಿಟ್ಟವನ, ತನ್ನ ಸಾಮಾನು ಹಂಚಿಕೊಟ್ಟವನ ಹೆಸರು ಅಂದೇ ನನಗೆ ಬರಲಿ. ಮುದುಕ ಸಜಾ ಬಂದಿ ಈ ಕೆಲಸದಲ್ಲಿ ಎತ್ತಿದ ಕೈ. ಅಂಥವರ ಚಾಪೆಯ ಪಕ್ಕ ತನ್ನ ಚಾಪೆ ಹಾಸಿಕೊಂಡು, ಮಳೆ ಬೆಳೆ ಜಾತ್ರೆ ಎಂದು ಏನೇನೋ ಮಾತಾಡಿಸುತ್ತಿದ್ದ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಹೊರಡಿಸಿದ ಸಲಹಾಪತ್ರ ಇಂಥದೇ ಕ್ರಮವನ್ನು, ಆರಿಸಿದ ಕೈದಿಗಳಿಗೆ ತರಬೇತಿ ಕೊಟ್ಟು ಸಂಕಟದಲ್ಲಿರುವ ಸಂಗಡಿಗರನ್ನು ಗುರುತಿಸುವುದನ್ನು, ಶಿಫಾರಸು ಮಾಡುತ್ತದೆ.

ಅತ್ಯಂತ ಕಷ್ಟದವರು ಯಾರೂ ಇಲ್ಲದವರು. ಹೆಸರು ಹೇಳದ, ಭಾಷೆ ತಿಳಿಯದ, ರೈಲ್ವೆ ನಿಲ್ದಾಣದಲ್ಲಿ ಸಿಕ್ಕು ಯಾವುದೋ ಸಣ್ಣ ಕೇಸಿನಲ್ಲಿ ಒಳಗೆ ಬಂದ ಮನೋರೋಗಿಗಳು. ಅಪರಾಧವಿಲ್ಲದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಅಸಾಂವಿಧಾನಿಕ ಎಂದು ಶೀಲಾ ಬರ್ಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು 1993ರಲ್ಲಿ. ಕೇಸಿದ್ದವರ ಪಾಡೇನು ಎಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕೇ ಸಾಕ್ಷಿ. 1951ರಲ್ಲಿ ಬಂಧನ, ತೇಜ್‌ಪುರದ ಮಾನಸಿಕ ಆಸ್ಪತ್ರೆ, 1967ರಲ್ಲಿ ಅವರು ಗುಣವಾಗಿದ್ದಾರೆ ಎಂದು ವೈದ್ಯರ ಬರಹ. ಆ ಕಾಗದವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ವಿಚಾರಣೆ ನಡೆಯಲೇ ಇಲ್ಲ. ಒಂದು ರೂಪಾಯಿಯ ಬಾಂಡಿನ ಮೇಲೆ ಹೊರಬಂದದ್ದು 2005ರಲ್ಲಿ, 77ನೇ ವಯಸ್ಸಿನಲ್ಲಿ. ಈ ಸುದ್ದಿ ಓದಿದ ವಾರ ಡಾಕ್ಟರಮ್ಮ ತಮ್ಮ ಜೈಲಿನ ಕಡತಗಳನ್ನು ತೆಗೆಸಿ, ವಿಚಾರಣೆಗೆ ಯೋಗ್ಯನಲ್ಲ ಎಂದು ನಿಂತುಹೋದ ಕೇಸುಗಳನ್ನು ಒಂದೊಂದಾಗಿ ನೋಡಿದರು. ಅಂಥವರ ಪಟ್ಟಿ ಮಾಡಿ ಜಿಲ್ಲಾ ನ್ಯಾಯಾಧೀಶರು ಜೈಲಿಗೆ ಭೇಟಿ ಕೊಟ್ಟಾಗ ಕೈಗಿತ್ತರು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಕೆಲಸವನ್ನು ಕಡ್ಡಾಯ ಮಾಡಿದೆ. ಅದರ 103ನೇ ಸೆಕ್ಷನ್ ಪ್ರಕಾರ ಮನೋರೋಗದ ಕೈದಿ ಜೈಲಿನಲ್ಲಿ ಇಲ್ಲ ಎಂಬುದನ್ನು ಜೈಲಿನ ವೈದ್ಯರು ಮೂರು ತಿಂಗಳಿಗೊಮ್ಮೆ ಪುನರ್ವಿಮರ್ಶಾ ಮಂಡಳಿಗೆ ವರದಿ ಮಾಡಬೇಕು. ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನಲ್ಲಿ ಮಾನಸಿಕ ಚಿಕಿತ್ಸೆಯ ಘಟಕ ಇರಬೇಕು. ಮಂಡಳಿಗೆ ಹೋದ ವರದಿ ಕಡತ ಸೇರಿದರೆ ಸಾಲದು, ಯಾರಾದರೂ ಜೈಲಿಗೆ ಬಂದು ಮನುಷ್ಯನನ್ನು ನೋಡಬೇಕು. ಇದನ್ನು ಹೇಳುವಾಗ ಡಾಕ್ಟರಮ್ಮ ಮೇಜು ಕುಟ್ಟುತ್ತಾರೆ.

ಕಾಯಿದೆ ಬಂದ ಮೇಲೂ ಅನುಮಾನ ಹೋಗಲಿಲ್ಲ. ಫಾದರ್ ಸ್ಟ್ಯಾನ್ ಸ್ವಾಮಿ ಒಂದು ಕಾಲಕ್ಕೆ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. 2020ರಲ್ಲಿ ನವಿ ಮುಂಬೈಯ ತಲೋಜಾ ಜೈಲಿಗೆ ಹೋದಾಗ ಅವರಿಗೆ 83 ವರ್ಷ, ಪಾರ್ಕಿನ್ಸನ್ ಕಾಯಿಲೆ. ಲೋಟ ಹಿಡಿದರೆ ಕೈ ನಡುಗುತ್ತದೆ, ಹೀರಿ ಕುಡಿಯುವ ಸಿಪ್ಪರ್ ಬೇಕು ಎಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ವಾರಗಳು ಕಳೆದವು. 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ ಜಾಮೀನಿನ ಅರ್ಜಿ ಇನ್ನೂ ವಿಚಾರಣೆಯಲ್ಲಿತ್ತು.

ಅವೇ ವರ್ಷಗಳು ಕೋವಿಡ್ಡಿನವೂ ಹೌದು. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ಜೈಲುಗಳ ಒತ್ತಡ ಇಳಿಸಲು ರಾಜ್ಯಗಳಿಗೆ ಉನ್ನತಾಧಿಕಾರ ಸಮಿತಿ ರಚಿಸಲು ಹೇಳಿತು. ಡಾಕ್ಟರಮ್ಮ ಆಗ ಮತ್ತೆ ಅದೇ ಜೈಲಿನಲ್ಲಿದ್ದರು, ನಿವೃತ್ತಿಗೆ ಹತ್ತಿರ. ಸಂದರ್ಶನ ನಿಂತಿತ್ತು, ಹೊಸಬರನ್ನು ಬೇರೆ ಇಡಬೇಕಿತ್ತು. ಪೆರೋಲಿನ ಮೇಲೆ, ಜಾಮೀನಿನ ಮೇಲೆ ಬಹಳ ಮಂದಿ ಒಮ್ಮೆಗೇ ಹೊರಟರು. ಹೊರಟವರಲ್ಲಿ ಕ್ಷಯದ ಮಾತ್ರೆ ನುಂಗುತ್ತಿದ್ದವರು, ಮೂರ್ಛೆಯವರು, ಸ್ಕಿಜೋಫ್ರೀನಿಯಾದವರು ಇದ್ದರು.

ಬಿಡುಗಡೆಯ ಆದೇಶ ಬರುವುದೂ ಸಂಜೆಯೇ. ಆದೇಶ ಬಂದ ಮೇಲೆ ಒಂದು ಗಳಿಗೆಯೂ ಒಳಗೆ ನಿಲ್ಲಲು ಯಾರೂ ಒಪ್ಪುವುದಿಲ್ಲ. ಆ ಹೊತ್ತಿಗೆ ಫಾರ್ಮಸಿಗೆ ಬೀಗ ಬಿದ್ದಿರುತ್ತದೆ. ಆರು ತಿಂಗಳು ನುಂಗಬೇಕಾದ ಕ್ಷಯದ ಔಷಧ ಎರಡು ತಿಂಗಳಿಗೆ ನಿಂತರೆ ರೋಗ ಇನ್ನೂ ಗಟ್ಟಿಯಾಗಿ ಮರಳುತ್ತದೆ. ಮೂರ್ಛೆಯ ಮಾತ್ರೆ ಥಟ್ಟನೆ ನಿಂತರೆ ಊರಿನ ಬಸ್ಸಿನಲ್ಲೇ ಫಿಟ್ಸು ಬರಬಹುದು. ಅದಕ್ಕೆ ಅವರು ಮಾಡಿದ ಏರ್ಪಾಡು ಸರಳ. ದೀರ್ಘ ಕಾಯಿಲೆಯ ಪ್ರತಿ ಕೈದಿಯ ಹೆಸರಿನಲ್ಲೂ ಒಂದು ಕವರ್, ಗೇಟಿನ ಪಕ್ಕದ ಕಪಾಟಿನಲ್ಲಿ. ಒಳಗೆ ಎರಡು ವಾರದ ಮಾತ್ರೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕನ್ನಡದಲ್ಲಿ ಬರೆದ ಚೀಟಿ, ಡಾಕ್ಟರಮ್ಮನ ಫೋನ್ ನಂಬರು. ಜೈಲು ಎಂಬ ಪದ ಚೀಟಿಯಲ್ಲಿ ಇರುತ್ತಿರಲಿಲ್ಲ. ಗೇಟಿನ ವಾರ್ಡರ್ ಸಾಮಾನಿನ ಜೊತೆ ಕವರನ್ನೂ ಕೊಟ್ಟು ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಬೇಕು.

ಎಲ್ಲರೂ ಕೇಂದ್ರಕ್ಕೆ ಹೋಗಲಿಲ್ಲ. ಹೋದವರ ಕಡೆಯಿಂದ ಫೋನು ಬರುತ್ತಿತ್ತು. ಗಡಿ ತಾಲ್ಲೂಕಿನ ಒಂದು ಕೇಂದ್ರದಿಂದ ಎಳೆಯ ವೈದ್ಯನೊಬ್ಬ ಕರೆ ಮಾಡಿದ: 'ಮೇಡಂ, ನಿಮ್ಮ ಚೀಟಿ ತಂದವರು ಇಲ್ಲಿದ್ದಾರೆ. ಕಾರ್ಬಮಜೆಪಿನ್ ನಮ್ಮಲ್ಲಿ ಖಾಲಿ. ಮುಂದಿನ ತಿಂಗಳು ಬನ್ನಿ ಅನ್ನಲಾ?' ಬೇಡ, ಒಂದು ದಿನವೂ ತಪ್ಪಬಾರದು ಎಂದು ಇವರು ತಾಲ್ಲೂಕು ಆಸ್ಪತ್ರೆಯ ಫಾರ್ಮಾಸಿಸ್ಟರಿಗೆ ಫೋನು ಮಾಡಿ, ಸಂಜೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಮಾತ್ರೆ ಕಳಿಸುವ ಏರ್ಪಾಡು ಮಾಡಿಸಿದರು. ಮುಂದಿನ ಇಂಡೆಂಟಿನಲ್ಲಿ ಆ ಕೇಂದ್ರಕ್ಕೂ ಕಾರ್ಬಮಜೆಪಿನ್ ಸೇರಿಸಬೇಕೆಂದು ಜಿಲ್ಲಾ ಆರೋಗ್ಯಾಧಿಕಾರಿಗೆ ಅದೇ ದಿನ ಪತ್ರ ಹೋಯಿತು.